ಹೊಲಿಗೆ ಟೀಚರ್ ಮಣಿಪಾಲಕ್ಕೆ ಹೋದ ಶುಕ್ರವಾರ

ಕಳೆದ ವಾರ ಕಪಾಟಿನ ಕೆಳಗಿನ ಅರೆಯನ್ನು ಖಾಲಿ ಮಾಡುವಾಗ ಹಳೆಯ ಸೀರೆಗಳ ಅಡಿಯಲ್ಲಿ ಒಂದು ಬಿಳಿ ಬಟ್ಟೆಯ ತುಂಡು ಸಿಕ್ಕಿತು. ನುಸಿಗುಳಿಗೆಯ ವಾಸನೆ ಮೂಗಿಗೆ ಹೊಡೆಯಿತು. ಬಿಡಿಸಿ ನೋಡಿದರೆ ಒಂಬತ್ತನೇ ತರಗತಿಯಲ್ಲಿ ನಾನು ಹೊಲಿಗೆ ಕಲಿತ ಬಟ್ಟೆ. ಸಾಲು ಸಾಲಾಗಿ ರನ್ನಿಂಗ್, ಹೆಮ್ಮಿಂಗ್, ಚೈನ್ ಸ್ಟಿಚ್... ಕೊನೆಯ ಸಾಲಿನಲ್ಲಿ ಗುಂಡಿಯ ಕಾಜವೊಂದು ಅರ್ಧಕ್ಕೇ ನಿಂತಿದೆ. ಅದು ಯಾಕೆ ಅರ್ಧಕ್ಕೆ ನಿಂತಿತು ಎಂಬುದು ನನಗೆ ಚೆನ್ನಾಗಿ ನೆನಪಿದೆ. ಅದನ್ನು ಹೊಲಿಯುತ್ತಿದ್ದ ಮಧ್ಯಾಹ್ನವೇ, ನಮ್ಮ ಹೊಲಿಗೆ ಟೀಚರ್ ಎಲ್ಲಿದ್ದಾರೆ ಎಂಬುದನ್ನು ಯಾರಿಗೆ ಹೇಳಬಾರದಿತ್ತೋ ಅವರಿಗೇ ನಾನು ಹೇಳಿಬಿಟ್ಟಿದ್ದೆ.

ನಮ್ಮ ಊರು ಕಾಪುವಿಗೂ ಶಂಕರಪುರಕ್ಕೂ ನಡುವೆ. ಎಪ್ಪತ್ತರ ದಶಕದ ನಡುಭಾಗ ಅದು. ಮನೆಯ ಸುತ್ತ ಮಲ್ಲಿಗೆ ಗಿಡಗಳಿದ್ದವು. ಬೆಳಗ್ಗೆ ಬೇಗ ಮೊಗ್ಗು ಕೊಯ್ದು, ಅಮ್ಮನ ಪಕ್ಕ ಕುಳಿತು ಬಾಳೆನಾರಿನಲ್ಲಿ ಕಟ್ಟಿ, ಹೂವಿನ ಬುಟ್ಟಿ ಬಸ್ಸಿಗೆ ಹೋದ ಮೇಲೆ ನಾನು ಶಾಲೆಗೆ ಓಡುತ್ತಿದ್ದೆ. ಹೂ ಕಟ್ಟಿ ಕಟ್ಟಿ ಬೆರಳುಗಳು ಚುರುಕಾಗಿದ್ದವು. ಲೆಕ್ಕದಲ್ಲಿ ಹಿಂದೆ ಬಿದ್ದ ನನ್ನನ್ನು ಹೊಲಿಗೆ ಟೀಚರ್ ಮಾತ್ರ ಹತ್ತಿರ ಕರೆದು, "ಈ ಕೈ ನೋಡಿ ಮಕ್ಕಳೇ, ಹೀಗೆ ಓಡಬೇಕು" ಎಂದು ಎಲ್ಲರಿಗೂ ತೋರಿಸಿದ್ದರು. ಆ ಒಂದು ಮಾತಿಗೆ ನಾನು ಅವರ ಹಿಂದೆ ಮುಂದೆ ಸುತ್ತತೊಡಗಿದೆ.

ಟೀಚರ್ ಕಾರ್ಕಳದಿಂದಾಚೆ ಬಜಗೋಳಿಯ ಕಡೆಯವರು. ನಮ್ಮ ಊರಿಗೆ ಮದುವೆಯಾಗಿ ಬಂದವರು. ಇಪ್ಪತ್ತೆಂಟು ಇಪ್ಪತ್ತೊಂಬತ್ತರ ಪ್ರಾಯ ಇದ್ದಿರಬೇಕು, ಮಕ್ಕಳಿರಲಿಲ್ಲ. ಗಂಡನಿಗೆ ಪೇಟೆಯಲ್ಲಿ ಪಾತ್ರೆ ಅಂಗಡಿ. ಊರಿನ ಎಲ್ಲರಂತೆ ನಾವೂ ಅವರನ್ನು 'ಅಂಗಡಿಯವರು' ಎಂದೇ ಕರೆಯುತ್ತಿದ್ದೆವು. ಶಾಲೆಯ ಕಮಿಟಿಯಲ್ಲಿ ಅಂಗಡಿಯವರ ದೊಡ್ಡಪ್ಪ ಇದ್ದರು. ಹುಡುಗಿಯರಿಗೆ ಹೊಲಿಗೆ ಕಲಿಸಲು ಒಬ್ಬ ಹೆಂಗಸು ಬೇಕೆಂದಾಗ, ನಮ್ಮ ಮನೆಯ ಸೊಸೆಯೇ ಇದ್ದಾಳಲ್ಲ ಎಂದು ಸಭೆಯಲ್ಲಿ ಹೇಳಿದವರು ಅವರೇ ಅಂತೆ. ದೊಡ್ಡಪ್ಪನ ಮಾತಿಗೆ ಅಂಗಡಿಯವರು ಇಲ್ಲ ಎನ್ನಲಾರದೆ ಹೋದರು. ಇದೆಲ್ಲ ನನಗೆ ಎಷ್ಟೋ ಕಾಲದ ಮೇಲೆ ತಿಳಿದದ್ದು.

ಅಂಗಡಿಯವರನ್ನು ಕಂಡರೆ ಊರಿಗೆ ಗೌರವ. ಬಿಳಿ ಪಂಚೆ, ಬಿಳಿ ಶರ್ಟು, ಮೆಲು ದನಿ. ಯಾರ ಮನೆಯ ಮದುವೆಗಾದರೂ ಪಾತ್ರೆ ಅವರಲ್ಲಿಂದಲೇ. ತಳ ತೂತಾದ ಕೊಡಪಾನವನ್ನು ಮಾರಿದವರಲ್ಲ, ಒಬ್ಬರ ಮೇಲೆ ದನಿ ಏರಿಸಿದವರಲ್ಲ. ಅವರು ದಿನಾ ಸಂಜೆ ನಾಲ್ಕು ಗಂಟೆಗೆ ಅಂಗಡಿಯನ್ನು ಆಳಿಗೆ ಬಿಟ್ಟು, ಉದ್ದ ಕೋಲಿನ ಕಪ್ಪು ಕೊಡೆ ಹಿಡಿದು ಶಾಲೆಯ ಗೇಟಿನ ಹತ್ತಿರ ಬಂದು ನಿಲ್ಲುತ್ತಿದ್ದರು. ಹೆಂಡತಿಯನ್ನು ಕರೆದುಕೊಂಡು ಹೋಗಲು. ಮಳೆಗಾಲದಲ್ಲಿ ಕಾಲು ನೆನೆದರೂ ಬರುತ್ತಿದ್ದರು. ಆಗ ಗಂಡ ಹೆಂಡತಿ ಒಂದೇ ಕೊಡೆಯಡಿ ನಡೆದುಹೋಗುವುದು ಸಿನಿಮಾದಲ್ಲಿ ಬಿಟ್ಟರೆ ಎಲ್ಲಿತ್ತು? ನಾವು ಹುಡುಗಿಯರು ಕಿಟಕಿಯಲ್ಲಿ ಸಾಲಾಗಿ ನಿಂತು ನೋಡುತ್ತಿದ್ದೆವು. "ಸಿಕ್ಕಿದರೆ ಅಂಥ ಗಂಡ ಸಿಗಬೇಕು ಮಾರಾಯ್ತಿ" ಎಂದು ಪಕ್ಕದವಳು ಪಿಸುಗುಟ್ಟಿದಾಗ ನಾನೂ ಮನಸ್ಸಿನಲ್ಲೇ ಹೌದೆಂದುಕೊಂಡಿದ್ದೆ.

ಆದರೆ ಒಂದು ವಿಷಯ ನನ್ನ ಕಣ್ಣಿಗೆ ಬೀಳುತ್ತಿತ್ತು. ಟೀಚರ್ ನಗುವ ಹೆಂಗಸು. ಕ್ಲಾಸಿನಲ್ಲಿ ಯಾರಾದರೂ ಲಂಗಕ್ಕೂ ಬಟ್ಟೆಗೂ ಸೇರಿಸಿ ಹೊಲಿದುಕೊಂಡರೆ ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದರು. ಆದರೆ ಮೂರು ಮುಕ್ಕಾಲು ಆಯಿತೆಂದರೆ ಆ ನಗು ನಿಂತುಬಿಡುತ್ತಿತ್ತು. ಸೆರಗು ಸರಿ ಮಾಡಿಕೊಳ್ಳುವರು, ಕೂದಲು ಒತ್ತಿಕೊಳ್ಳುವರು. ಆಮೇಲೆ ಕರವಸ್ತ್ರ ತೆಗೆದು ಬಾಯಿ ಒರೆಸಿಕೊಳ್ಳುವರು... ಉಂಡ ಮೇಲೆ ಒರೆಸಿಕೊಳ್ಳುವ ಹಾಗೆ. ಒಮ್ಮೆ ಅವರ ಮುಂಗೈಯಲ್ಲಿ ಎರಡು ಬೆರಳಗಲದ ಸುಟ್ಟ ಗಾಯವಿತ್ತು. ಕೇಳಿದ್ದಕ್ಕೆ "ಇಸ್ತ್ರಿ ಪೆಟ್ಟಿಗೆ ತಾಗಿತು" ಎಂದರು. ಹೊಲಿಗೆ ಟೀಚರಿಗೆ ಇಸ್ತ್ರಿ ಪೆಟ್ಟಿಗೆ ತಾಗುವುದರಲ್ಲಿ ವಿಶೇಷ ಏನಿದೆ ಎಂದು ನಾನು ನಂಬಿದೆ.

ಆ ಶಾಲಾವರ್ಷದ ಜನವರಿಯಲ್ಲಿ ಇರಬೇಕು, ಟೀಚರ್ ನನ್ನನ್ನು ಒಬ್ಬಳನ್ನೇ ಹೊಲಿಗೆ ಕೋಣೆಗೆ ಕರೆದರು.

"ನನ್ನ ಹೆಸರಿಗೊಂದು ಕಾಗದ ಬರಲಿಕ್ಕುಂಟು. ನಿಮ್ಮ ಮನೆಯ ವಿಳಾಸ ಕೊಡಬಹುದಾ? ಅಮ್ಮನ ಹತ್ತಿರ ಕೇಳಿ ಹೇಳು. ಬೇಡ ಅಂದರೆ ಬೇಡ, ಬೇಜಾರಿಲ್ಲ."

ಅಮ್ಮ ಹೂ ಕಟ್ಟುತ್ತಿದ್ದಳು. ನಾನು ಹೇಳಿದ್ದನ್ನು ಕೇಳಿ ತಲೆ ಎತ್ತಲಿಲ್ಲ. ಬೇರೆಯವರ ಮನೆಯ ವಿಷಯಕ್ಕೆ ಹೋಗಬೇಡ ಎಂದು ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ಇನ್ನೊಂದು ಮೊಗ್ಗನ್ನು ನಾರಿಗೆ ಸೇರಿಸುತ್ತ, "ಆ ಮನೆಗೆ ನಾನು ಹೂ ಕೊಡಲಿಕ್ಕೆ ಹೋಗ್ತೇನಲ್ಲ, ಅವಳು ಯಾವತ್ತೂ ಮೆಟ್ಟಿಲು ಇಳಿದು ಬಂದವಳಲ್ಲ. ಅಂಗಳಕ್ಕೆ ಕಾಲಿಟ್ಟವಳಲ್ಲ" ಎಂದಳು. ಮತ್ತೆ, "ಬರಲಿ ಕಾಗದ" ಎಂದಳು. ಅಷ್ಟೇ.

ಕಾಗದ ಬಂತು. ಮಣಿಪಾಲದಿಂದ. ಅಲ್ಲಿಯ ಒಂದು ಹೆಣ್ಣುಮಕ್ಕಳ ಹಾಸ್ಟೆಲ್‌ಗೆ ಮೇಟ್ರನ್ ಬೇಕಾಗಿದ್ದಾರೆ, ಶುಕ್ರವಾರ ಮಧ್ಯಾಹ್ನ ಸಂದರ್ಶನಕ್ಕೆ ಬನ್ನಿ ಎಂದಿತ್ತು. ಟೀಚರ್ ಅದನ್ನು ನನ್ನ ಎದುರೇ ಎರಡು ಸಲ ಓದಿ, ಮಡಚಿ ನನ್ನ ಕೈಗೇ ವಾಪಸು ಕೊಟ್ಟರು. "ನಿನ್ನ ಹತ್ತಿರವೇ ಇರಲಿ" ಎಂದರು. ಅದನ್ನು ಇಟ್ಟುಕೊಳ್ಳಲು ಅವರಿಗೆ ತಮ್ಮದೆಂಬ ಒಂದು ಜಾಗ ಇರಲಿಲ್ಲ ಎಂದು ನನಗೆ ಆಗ ಹೊಳೆಯಲಿಲ್ಲ.

ಆ ಶುಕ್ರವಾರ ಹನ್ನೊಂದು ಗಂಟೆಗೆ ಅವರು ಕಟಪಾಡಿ ಕಡೆಯ ಬಸ್ಸು ಹತ್ತಿದರು. ಹೆಡ್‌ಮಾಸ್ಟರಿಗೆ ಹೇಳಿದ್ದು, ವಸ್ತುಪ್ರದರ್ಶನಕ್ಕೆ ನೂಲು ತರಲು ಉಡುಪಿಗೆ ಹೋಗುತ್ತೇನೆ ಎಂದು. ನನಗೆ ಹೇಳಿದ್ದು, "ಮಧ್ಯಾಹ್ನದ ಎರಡು ಪೀರಿಯಡ್ ಹುಡುಗಿಯರನ್ನು ನೋಡಿಕೋ. ಯಾರು ಕೇಳಿದರೂ ನೂಲು ಅಂತ ಹೇಳು. ನಾಲ್ಕು ಗಂಟೆಯ ಒಳಗೆ ನಾನು ಇಲ್ಲಿರ್ತೇನೆ."

ಎರಡು ಗಂಟೆಗೆ ಅಂಗಡಿಯವರು ಬಂದರು. ಟೀಚರ್ ಬಸ್ಸು ಹತ್ತಿದ್ದನ್ನು ಯಾರೋ ಅವರಿಗೆ ಹೇಳಿರಬೇಕು. ನಾಲ್ಕಕ್ಕೆ ಬರುವವರು ಎರಡಕ್ಕೇ ಬಂದದ್ದನ್ನು ಕಂಡು ನನ್ನ ಸೂಜಿ ಅಲ್ಲೇ ನಿಂತಿತು. ಕಿಟಕಿಯ ಹೊರಗೆ ನಿಂತು, ಬೆರಳಿನಿಂದ ಸನ್ನೆ ಮಾಡಿ ಕರೆದರು.

"ಟೀಚರ್ ಎಲ್ಲಿ ಮಗಾ?"

"ನೂಲು ತರಲಿಕ್ಕೆ ಉಡುಪಿಗೆ ಹೋಗಿದ್ದಾರೆ."

"ಹೌದಾ." ಅವರು ಮುಖ ಕೆಳಗೆ ಹಾಕಿ ಕೊಡೆಯ ತುದಿಯಿಂದ ಮಣ್ಣು ಕೆದಕಿದರು. ಮತ್ತೆ ತಲೆಯೆತ್ತಿದಾಗ ಅವರ ಕಣ್ಣು ತುಂಬಿದ ಹಾಗಿತ್ತು. "ಎಂತ ಮಾಡುವುದು ಹೇಳು. ಬಜಗೋಳಿಯಿಂದ ಜನ ಬಂದಿದ್ದಾರೆ. ಟೀಚರ್‌ನ ತಂದೆಗೆ ಸೀರಿಯಸ್ ಅಂತೆ. ಇವತ್ತು ರಾತ್ರಿ ದಾಟುವುದು ಕಷ್ಟ ಅಂತೆ. ಉಡುಪಿಯಲ್ಲಿ ಯಾವ ಅಂಗಡಿ ಅಂತ ಹುಡುಕುವುದು ನಾನು? ತಂದೆಯ ಮುಖ ನೋಡುವ ಭಾಗ್ಯ ಅವಳಿಗೆ ಇಲ್ಲವೋ ಏನೋ..."

ನನಗೆ ಹದಿನಾಲ್ಕು ವರ್ಷ. ಹಿಂದಿನ ವರ್ಷವಷ್ಟೇ ನನ್ನ ಅಪ್ಪ ತೀರಿಕೊಂಡಿದ್ದರು, ನಾನು ಶಾಲೆಯಲ್ಲಿದ್ದಾಗ. ಮುಖ ನೋಡಲು ನನಗೂ ಸಿಕ್ಕಿರಲಿಲ್ಲ.

"ಉಡುಪಿ ಅಲ್ಲ, ಮಣಿಪಾಲ" ಎಂದೆ. ಹಾಸ್ಟೆಲ್ಲಿನ ಹೆಸರನ್ನೂ ಹೇಳಿದೆ.

ಅವರು ನನ್ನ ತಲೆಯ ಮೇಲೆ ಕೈಯಿಟ್ಟು "ಒಳ್ಳೆ ಹುಡುಗಿ" ಎಂದು ಹೇಳಿ ಹೋದರು. ಆ ನಡಿಗೆಯಲ್ಲಿ ಅವಸರವೇ ಇರಲಿಲ್ಲ. ತಂದೆಗೆ ಸೀರಿಯಸ್ ಎಂದವರು ಹಾಗೆ ನಡೆಯುವುದಿಲ್ಲ.

ಅಂದು ಸಂಜೆ ನಾಲ್ಕಕ್ಕೆ ಗೇಟಿನಲ್ಲಿ ಯಾರೂ ಇರಲಿಲ್ಲ. ಟೀಚರ್ ಬರಲಿಲ್ಲ. ಸೋಮವಾರವೂ ಬರಲಿಲ್ಲ. ಆಮೇಲೆ ಬರಲೇ ಇಲ್ಲ.

ಅಂಗಡಿಯವರು ಮಾತ್ರ ಶನಿವಾರವೇ ಅಂಗಡಿ ತೆರೆದಿದ್ದರು. ಹೆಂಡತಿಗೆ ಆರೋಗ್ಯ ಸರಿಯಿಲ್ಲ, ಬೊಂಬಾಯಿಯಲ್ಲಿ ಅಕ್ಕನ ಮನೆಗೆ ಕಳಿಸಿದ್ದೇನೆ ಎಂದು ಕೇಳಿದವರಿಗೆ ಹೇಳಿದರು. ಕೆಲವರು ನಂಬಿದರು. ಕೆಲವರು ಬೇರೆ ಏನೇನೋ ಆಡಿಕೊಂಡರು... ಬಾವಿ, ಹೊಳೆ, ಅಂಥ ಮಾತುಗಳು. ಯಾರೂ ಅವರ ಎದುರು ನಿಂತು ಕೇಳಲಿಲ್ಲ. ಒಂದು ತಿಂಗಳು ತಡೆದುಕೊಂಡು ನಾನು ಅಮ್ಮನಿಗೆ ಎಲ್ಲವನ್ನೂ ಹೇಳಿದೆ. ಅಮ್ಮ ನನ್ನನ್ನು ಹೊಡೆಯಲಿಲ್ಲ. "ಇನ್ನು ಇದನ್ನು ಯಾರಲ್ಲಿಯೂ ಹೇಳಬೇಡ" ಎಂದು ಒಳಗೆ ಹೋದಳು. ಹೊಡೆದಿದ್ದರೆ ಹಗುರಾಗುತ್ತಿತ್ತೇನೋ.

ಅಂಗಡಿಯವರು ದಾರಿಯಲ್ಲಿ ಸಿಕ್ಕಾಗಲೆಲ್ಲ ನಿಂತು "ಚೆನ್ನಾಗಿ ಓದ್ತಿದ್ದೀಯಾ?" ಎಂದು ವಿಚಾರಿಸುತ್ತಿದ್ದರು. ನಾನು ತಲೆ ಅಲ್ಲಾಡಿಸುತ್ತಿದ್ದೆ. ಇಪ್ಪತ್ತೊಂದಕ್ಕೆ ನನ್ನನ್ನು ಕಾರ್ಕಳಕ್ಕೆ ಮದುವೆ ಮಾಡಿ ಕೊಟ್ಟಾಗ, ಸೋದರಮಾವ ಮದುವೆಗೆಂದು ತಂದ ಕೊಡಪಾನ ಅದೇ ಅಂಗಡಿಯದಾಗಿತ್ತು. ಅದನ್ನು ಅಟ್ಟಕ್ಕೆ ಹಾಕಿ ಮತ್ತೆ ಇಳಿಸಲಿಲ್ಲ. ಕಾರ್ಕಳದಲ್ಲಿ ಬಜಗೋಳಿ ಕಡೆಯವರನ್ನು ಕಂಡರೆ ಕೇಳಬೇಕು ಎನಿಸುತ್ತಿತ್ತು. ಬಾಯಿ ಬರುತ್ತಿರಲಿಲ್ಲ. ಮಣಿಪಾಲವೇನು, ಬಸ್ಸಿನಲ್ಲಿ ಒಂದು ಗಂಟೆಯ ದಾರಿ. ಹೋಗಿ ಆ ಹಾಸ್ಟೆಲ್ಲಿನಲ್ಲಿ ವಿಚಾರಿಸಬಹುದಿತ್ತಲ್ಲ ಎಂದು ಈಗ ಯಾರಾದರೂ ಕೇಳಬಹುದು. ನಾನೇ ಎಷ್ಟು ಸಲ ಕೇಳಿಕೊಂಡಿದ್ದೇನೆ. ಕೊಂದಿದ್ದೇನೆ ಎಂದು ನಂಬಿದವಳು ಸತ್ತದ್ದು ಹೌದೇ ಎಂದು ನೋಡಲು ಹೋಗುವುದಿಲ್ಲ.

ಕೊನೆಗೆ ಹೋದದ್ದು ಬೇರೆ ಕೆಲಸಕ್ಕೆ. ಎಂಬತ್ತರ ದಶಕ ಅರ್ಧ ಕಳೆದಿತ್ತು. ನನ್ನ ನಾದಿನಿಗೆ ಮಣಿಪಾಲದಲ್ಲಿ ನರ್ಸಿಂಗ್ ಸೀಟು ಸಿಕ್ಕಿತು. ಅವಳನ್ನು ಹಾಸ್ಟೆಲ್ಲಿಗೆ ಸೇರಿಸಲು ನಾನೇ ಹೋಗಬೇಕಾಯಿತು. ಹಾಸ್ಟೆಲ್ಲಿನ ಹೆಸರು ಕೇಳಿದರೆ ಅದೇ, ಆ ಕಾಗದದಲ್ಲಿದ್ದ ಹೆಸರು. ವರಾಂಡದಲ್ಲಿ ಟ್ರಂಕು, ಹಾಸಿಗೆ ಸುರುಳಿ ಹಿಡಿದ ಹುಡುಗಿಯರು, ಮಲಯಾಳ, ಇಂಗ್ಲಿಷು, ಹಿಂದಿ ಎಲ್ಲ ಸೇರಿದ ಗದ್ದಲ. ಒಂದು ಮೇಜಿನ ಹಿಂದೆ ನೀಲಿ ಅಂಚಿನ ಬಿಳಿ ಸೀರೆಯುಟ್ಟ ಹೆಂಗಸೊಬ್ಬರು ಕುಳಿತು ಒಬ್ಬೊಬ್ಬರಿಗೇ ಕೋಣೆ ಹೇಳುತ್ತಿದ್ದರು. ಯಾರೋ ಹುಡುಗಿ ತನ್ನ ಊರಿನ ಹೆಸರನ್ನು ಮೂರು ಸಲ ಹೇಳಿದರೂ ಅವರಿಗೆ ಅರ್ಥವಾಗಲಿಲ್ಲ. ಅವರು ನಗತೊಡಗಿದರು. ಕಣ್ಣಲ್ಲಿ ನೀರು ಬರುವ ಆ ನಗು.

ನಾನು ಅಲ್ಲೇ ನೆಲದ ಮೇಲೆ, ಯಾರದೋ ಹಾಸಿಗೆ ಸುರುಳಿಯ ಮೇಲೆ ಕುಳಿತುಬಿಟ್ಟೆ. ನಾದಿನಿ ಗಾಬರಿಯಾಗಿ "ಅತ್ತಿಗೆ, ಎಂತ ಆಯ್ತು?" ಎಂದು ಕೇಳಿದಳು. ನಾನು ಅಳುತ್ತಿದ್ದೆ. ಮೇಜಿನ ಹಿಂದಿನಿಂದ ಅವರು ಎದ್ದು ಬಂದರು. ಬಗ್ಗಿ ನೋಡಿದರು. ಮೊದಲು ಮುಖ, ಮತ್ತೆ ಕೈ.

"ನೀನು ಮಲ್ಲಿಗೆ ಮನೆಯವಳಲ್ವಾ?"

ಸಂಜೆ ಹುಡುಗಿಯರೆಲ್ಲ ಕೋಣೆ ಸೇರಿದ ಮೇಲೆ ಟೀಚರ್ ನನ್ನನ್ನು ತಮ್ಮ ಕೋಣೆಗೆ ಕರೆದುಕೊಂಡು ಹೋದರು. ಬಾಗಿಲ ಪಕ್ಕದಲ್ಲಿ ನಾಲ್ಕು ಜೊತೆ ಚಪ್ಪಲಿಗಳಿದ್ದವು. ಒಬ್ಬರಿಗೆ ಇಷ್ಟೊಂದು ಯಾಕೆ ಎಂದು ನೋಡುತ್ತಿದ್ದುದನ್ನು ಅವರು ಕಂಡರು.

"ರಜೆಯ ದಿನ ಅಂಗಡಿಗೆ ಹೋಗುವಾಗ ಅವರು ನನ್ನ ಒಂದು ಚಪ್ಪಲಿಯನ್ನು ಚೀಲದಲ್ಲಿ ಹಾಕಿಕೊಂಡು ಹೋಗ್ತಿದ್ದರು. ಒಂದೇ ಒಂದು. ಬಾಗಿಲಿಗೆ ಬೀಗ ಹಾಕಿದರೆ ನೆರೆಮನೆಯವರಿಗೆ ಕಾಣ್ತದೆ. ಒಂದು ಚಪ್ಪಲಿ ಇಲ್ಲದ್ದು ಯಾರಿಗೆ ಕಾಣ್ತದೆ ಹೇಳು?"

"ಬರಿಗಾಲಲ್ಲಿ ಹೋಗಬಹುದಿತ್ತಲ್ಲ ಟೀಚರ್?"

"ಹೋಗಬಹುದಿತ್ತು. ಅದು ನನಗೆ ಗೊತ್ತಾಗಲಿಕ್ಕೆ ಎಂಟು ವರ್ಷ ಬೇಕಾಯ್ತು."

ನಾನು ಹೇಳಬೇಕಾದದ್ದನ್ನು ಹೇಳಿದೆ. ಕಿಟಕಿ, ತಂದೆಗೆ ಸೀರಿಯಸ್ ಎಂಬ ಸುಳ್ಳು, ನನ್ನ ಬಾಯಿಂದ ಬಿದ್ದ ಮಾತು. ಅವರು ಅರ್ಧದಲ್ಲಿ ತಡೆಯಲಿಲ್ಲ. ಕಣ್ಣು ಮುಚ್ಚಿ ಪೂರ್ತಿ ಕೇಳಿದರು. ಆಮೇಲೆ ಆ ಶುಕ್ರವಾರದ ಉಳಿದ ಅರ್ಧವನ್ನು ಅವರು ನನಗೆ ಹೇಳಿದರು.

ಸಂದರ್ಶನ ಮುಗಿಸಿ ಹೊರಗೆ ಬಂದಾಗ ಹಾಸ್ಟೆಲ್ಲಿನ ಎದುರಿನ ಬಸ್ ನಿಲ್ದಾಣದಲ್ಲಿ ಅಂಗಡಿಯವರು ನಿಂತಿದ್ದರಂತೆ. ಮುಗುಳ್ನಕ್ಕು, ಕೊಡೆ ಬಿಡಿಸಿ, "ನಡಿ" ಎಂದರಂತೆ. ಸುತ್ತ ಎಲ್ಲೆಲ್ಲಿಂದಲೋ ಬಂದ ಕಾಲೇಜು ಹುಡುಗ ಹುಡುಗಿಯರು.

"ನಾನು ಎರಡು ಹೆಜ್ಜೆ ಅವರ ಕೊಡೆಯ ಕಡೆಗೆ ನಡೆದೆ ಕೂಡ. ಅಭ್ಯಾಸ ನೋಡು. ಮತ್ತೆ ಸುತ್ತ ನೋಡಿದೆ. ನಮ್ಮ ಊರಲ್ಲಾದರೆ ಎಲ್ಲರೂ ಅವರಿಗೆ ನಮಸ್ಕಾರ ಹೇಳ್ತಾರೆ. ಅಲ್ಲಿ ನಾನು ಬಾಯಿ ತೆರೆದರೆ ನನಗೇ ಹುಚ್ಚು ಅಂತಿದ್ದರು. ಇಲ್ಲಿ ಅವರು ಯಾರು ಅಂತ ಒಬ್ಬರಿಗೂ ಗೊತ್ತಿಲ್ಲ. ಯಾರೋ ಒಬ್ಬ ಗಂಡಸು ಕೊಡೆ ಹಿಡಿದು ನಿಂತಿದ್ದಾನೆ, ಅಷ್ಟೆ. ನನಗೆ ಅವರು ಸಣ್ಣ ಆದ ಹಾಗೆ ಕಂಡಿತು. ನಾನು ಬರುವುದಿಲ್ಲ ಅಂದೆ."

ಅಂಗಡಿಯವರು ಕೈ ಹಿಡಿದರಂತೆ, ಸುಟ್ಟ ಗಾಯವಾಗಿದ್ದ ಅದೇ ಕೈಯನ್ನು. ಟೀಚರ್ ಕೂಗಿಕೊಂಡರು. ಕನ್ನಡ ತಿಳಿಯದ ಇಬ್ಬರು ವಿದ್ಯಾರ್ಥಿನಿಯರು ಬಂದು ನಡುವೆ ನಿಂತರು. ಸಂದರ್ಶನ ಮಾಡಿದ್ದ ವಾರ್ಡನ್ ಗದ್ದಲ ಕೇಳಿ ಹೊರಗೆ ಬಂದರು. ಜನ ಸೇರುತ್ತಿದ್ದಂತೆ ಅಂಗಡಿಯವರು ಕೊಡೆ ಮಡಚಿ, ಪಂಚೆ ಸರಿಮಾಡಿಕೊಂಡು, ಬಂದ ಬಸ್ಸು ಹತ್ತಿ ಹೋದರು. ಆ ವಾರ್ಡನ್ ಟೀಚರನ್ನು ಒಳಗೆ ಕರೆದು ಚಹಾ ಕುಡಿಸಿ, "ಸೋಮವಾರದಿಂದ ಕೆಲಸಕ್ಕೆ ಬನ್ನಿ ಎನ್ನುವ ಅಂತಿದ್ದೆ. ಹೋಗುವುದೇ ಬೇಡ, ಇಲ್ಲೇ ಇರಿ" ಎಂದರಂತೆ.

"ಅವರು ಬರದೆ ಇದ್ದರೆ ಎಂತ ಆಗ್ತಿತ್ತು ಗೊತ್ತುಂಟಾ?" ಟೀಚರ್ ಕೇಳಿದರು. "ನಾನು ನಾಲ್ಕು ಗಂಟೆಯ ಒಳಗೆ ಶಾಲೆಗೆ ಬರ್ತಿದ್ದೆ. ಬಿಟ್ಟು ಹೋಗುವ ಯೋಚನೆ ನನಗೆ ಇರಲೇ ಇಲ್ಲ. ನನ್ನನ್ನು ಯಾರಾದರೂ ಕೆಲಸಕ್ಕೆ ಆದೀತು ಅಂತ ಹೇಳ್ತಾರಾ ಅಂತ ನೋಡಲಿಕ್ಕೆ ಹೋದದ್ದು. ಹೇಳಿದರೆ ಆ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ಅದೇ ಮನೆಯಲ್ಲಿ ಇರುತ್ತಿದ್ದೆ."

ನನ್ನ ಎದೆಯ ಮೇಲಿಂದ ಏನೋ ಇಳಿದು ಹೋದದ್ದು ಅಕ್ಷರಶಃ ಅನುಭವಕ್ಕೆ ಬಂತು. ಉಸಿರು ಅಷ್ಟು ಆಳಕ್ಕೆ ಹೋಗಬಲ್ಲದು ಎಂಬುದನ್ನೇ ನಾನು ಮರೆತಿದ್ದೆ. "ಹಾಗಾದರೆ ನಾನು ಹೇಳಿದ್ದೇ ಒಳ್ಳೆಯದಾಯಿತು ಅನ್ನಿ" ಎಂದು ಅಳುತ್ತಲೇ ನಕ್ಕೆ.

ಟೀಚರ್ ನಗಲಿಲ್ಲ. "ಹಾಗಲ್ಲ. ಅವರು ಅಲ್ಲೇ ನನ್ನನ್ನು ಬಸ್ಸಿನ ಅಡಿಗೆ ನೂಕಬಹುದಿತ್ತು. ಒಳ್ಳೆಯದಾಯ್ತು ಅಂದರೆ ಅದು ನೀನು ಮಾಡಿದ್ದಲ್ಲ, ಅವರು ಮಾಡಿದ್ದೂ ಅಲ್ಲ. ನೀನು ಸಣ್ಣವಳು, ನಿನಗೆ ಮೋಸ ಮಾಡಿದರು. ಅಷ್ಟಕ್ಕೇ ಬಿಡು." ಆಮೇಲೆ, "ನಾನೇ ನಿನಗೊಂದು ಕಾರ್ಡು ಬರೆಯಬೇಕಿತ್ತು. ಬರೆದರೆ ನಿಮ್ಮ ಮನೆಗೆ ತೊಂದರೆಯಾದೀತು ಅಂತ ಹೆದರಿದೆ. ಅದು ನನ್ನ ತಪ್ಪು" ಎಂದರು.

ಆ ವರ್ಷಗಳು ಅವರಿಗೂ ಸಲೀಸಾಗಿರಲಿಲ್ಲ. ತಂದೆ ಬಂದು, ಗಂಡನ ಮನೆಗೆ ಹೋಗು ಎಂದು ಕೈಮುಗಿದಿದ್ದರು. ಇವರು ಒಪ್ಪದಿದ್ದಾಗ ಮಾತು ಬಿಟ್ಟರು. ಆದರೆ ಪ್ರತಿ ಬೇಸಿಗೆಯಲ್ಲಿ ಒಂದು ದಿನ, ತಾಯಿ ಮಾಡಿದ ಹಲಸಿನ ಹಪ್ಪಳದ ಕಟ್ಟು ಹಿಡಿದು ಬಂದು, ವರಾಂಡದಲ್ಲಿ ಇಟ್ಟು, ಮಾತಿಲ್ಲದೆ ಒಂದು ಲೋಟ ನೀರು ಕುಡಿದು ಹೋಗುತ್ತಿದ್ದರಂತೆ. ನಾಲ್ಕನೆಯ ವರ್ಷ ನೀರು ಕುಡಿದು "ಸಪೂರ ಆಗಿದ್ದೀ" ಎಂದರು. ಅಲ್ಲಿಂದ ಮಾತು ಶುರುವಾಯಿತು.

ಮರುದಿನವೇ ನಾನು ತವರಿಗೆ ಹೋದೆ. ಅಮ್ಮ ಹೂ ಕಟ್ಟುತ್ತಿದ್ದಳು. ಟೀಚರ್ ಇದ್ದಾರೆ, ಚೆನ್ನಾಗಿದ್ದಾರೆ ಎಂದೆ. ಬೆರಳುಗಳು ನಿಂತವು. ಅಷ್ಟು ವರ್ಷಗಳಲ್ಲಿ ಹೂ ಕಟ್ಟುವಾಗ ಅಮ್ಮನ ಬೆರಳು ನಿಂತದ್ದನ್ನು ನಾನು ಕಂಡದ್ದು ಅದೊಂದೇ ಸಲ. "ನಾನು ಆ ಕಾಗದ ಬೇಡ ಅಂದಿದ್ದರೆ ಅಂತ ಎಷ್ಟು ಸಲ ಅಂದುಕೊಂಡಿದ್ದೇನೆ" ಎಂದಳು. ನನ್ನ ಹಾಗೆಯೇ ಅವಳೂ ಹೊತ್ತುಕೊಂಡಿದ್ದಳು, ನನಗೆ ತಿಳಿಯದ ಹಾಗೆ. ಹೊರಡುವಾಗ, ಟೀಚರಿಗೆ ಕೊಟ್ಟು ಹೋಗು ಎಂದು ಬಾಳೆಲೆಯಲ್ಲಿ ಸುತ್ತಿದ ಒಂದು ಚೆಂಡು ಮಲ್ಲಿಗೆಯನ್ನು ನನ್ನ ಕೈಗಿಟ್ಟಳು. ಅದನ್ನು ಟೀಚರ್ ಮುಡಿದುಕೊಂಡು ಇಡೀ ಹಾಸ್ಟೆಲ್ಲಿನ ತುಂಬ ಓಡಾಡಿದರು.

ಅಂಗಡಿಯವರು ಕೆಲವು ವರ್ಷಗಳ ಮೇಲೆ ತೀರಿಕೊಂಡರು. ಊರೇ ಸೇರಿತ್ತಂತೆ. ಬೊಜ್ಜಕ್ಕೆ, ಅಂದರೆ ಉತ್ತರಕ್ರಿಯೆಯ ಊಟಕ್ಕೆ, ಟೀಚರಿಗೂ ಹೇಳಿಕೆ ಬಂದಿತ್ತು. ಹೋಗಿದ್ದೀರಾ ಎಂದು ಕೇಳಿದೆ.

"ಇಲ್ಲ. ಅವತ್ತು ಹಾಸ್ಟೆಲ್ಲಿನ ನೀರಿನ ಟ್ಯಾಂಕ್ ತೊಳೆಸುವುದಿತ್ತು."

ನಿವೃತ್ತಿಯ ಮೇಲೆ ಅವರು ಪರ್ಕಳದಲ್ಲಿ ಎರಡು ಕೋಣೆಯ ಒಂದು ಮನೆ ಮಾಡಿದರು. ತಿಂಗಳಿಗೊಂದು ಶನಿವಾರ ನಾನು ಕಾರ್ಕಳದಿಂದ ಹೋಗುತ್ತಿದ್ದೆ. ಹೆಚ್ಚು ಮಾತೇನೂ ಇರುತ್ತಿರಲಿಲ್ಲ. ಮೀನಿನ ಬೆಲೆ, ಮಂಡಿನೋವು, ಯಾವ ಹುಡುಗಿ ಯಾವ ದೇಶದಿಂದ ಫೋನ್ ಮಾಡಿದಳು ಎಂಬುದು. ಕಳೆದ ಮಳೆಗಾಲ, ಆಟಿ ತಿಂಗಳಲ್ಲಿ, ಮಧ್ಯಾಹ್ನ ಉಂಡು ಮಲಗಿದವರು ಏಳಲಿಲ್ಲ. ಎಂಬತ್ತರ ಹತ್ತಿರದ ವಯಸ್ಸು, ನೋವಿಲ್ಲದ ಸಾವು. ತಲೆ ನರೆತ ನರ್ಸುಗಳು ಮಳೆಯಲ್ಲಿ ನೆನೆಯುತ್ತ ಎಲ್ಲೆಲ್ಲಿಂದಲೋ ಬಂದಿದ್ದರು. ಅಳುವವರಿಗೆ ಕಡಿಮೆ ಇರಲಿಲ್ಲ. ನಾನೂ ಅತ್ತೆ, ಆದರೆ ಅದರಲ್ಲಿ ಹಳೆಯ ಕಹಿ ಇರಲಿಲ್ಲ. ಬದುಕಿ, ನಕ್ಕು, ತನ್ನ ಮನೆಯಲ್ಲಿ ತನ್ನ ಹೊತ್ತಿಗೆ ಹೋದವರನ್ನು ಕಳಕೊಂಡ ದುಃಖ ಬೇರೆ ಬಗೆಯದು... ಅದನ್ನು ಹೊರಬಹುದು.

ಈಗಲೂ ಕಾರ್ಕಳದಿಂದ ಉಡುಪಿಗೆ ಹೋಗುವಾಗ ಹಿರಿಯಡ್ಕ ದಾಟಿತೆಂದರೆ ಕೈ ತಾನಾಗಿ ಚೀಲವನ್ನು ಎತ್ತಿಕೊಳ್ಳುತ್ತದೆ. ಪರ್ಕಳ ಬರುವಾಗ ಎದ್ದು ನಿಂತಿರುತ್ತೇನೆ. ಮೊನ್ನೆಯೂ ಹಾಗೆಯೇ ಆಯಿತು. ಕಂಡಕ್ಟರ್ ಸೀಟಿ ಬಾಯಿಗಿಟ್ಟುಕೊಂಡು, "ಅಮ್ಮಾ, ಇಳಿಲಿಕ್ಕೆ ಉಂಟಾ?" ಎಂದು ಕೇಳಿದ.

"ಇಲ್ಲ ಮಗಾ, ಉಡುಪಿಗೆ" ಎಂದು ಹೇಳಿ ಕುಳಿತುಕೊಂಡೆ.